ಕಿಟ್ ಇಲ್ಲದೆ ಹಡಗಿನ ಮಾದರಿ ಕಟ್ಟಬಹುದಾ? ಮೊದಲ ಹಡಗು ಯಾವುದಿರಲಿ?

ನೀವು ಮೂರು ವಿಷಯ ಕೇಳಿದ್ದೀರಿ. ಕಿಟ್ (ಭಾಗಗಳನ್ನು ಮೊದಲೇ ಕತ್ತರಿಸಿ ಕೊಡುವ ಪೆಟ್ಟಿಗೆ) ಕೊಳ್ಳದೆ, ಬರೀ ಮರದ ತುಂಡಿನಿಂದ ಶುರು ಮಾಡಿ ಹಡಗಿನ ಮಾದರಿ ಕಟ್ಟಬಹುದಾ? ಮೊದಲ ಪ್ರಯತ್ನಕ್ಕೆ ಎಚ್‌ಎಂಎಸ್ ವಿಕ್ಟರಿ ಆಗುತ್ತಾ? ದುಬಾರಿ ಯಂತ್ರಗಳು ಬೇಕೇ ಬೇಕಾ?

ಕಟ್ಟಬಹುದು. ವಿಕ್ಟರಿ ಮೊದಲಿಗೆ ಬೇಡ. ಯಂತ್ರ ಇಲ್ಲದೆಯೂ ನಡೆಯುತ್ತದೆ. ಇನ್ನು ಕಾರಣಗಳಿಗೆ ಬರುತ್ತೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಏಕೆಂದರೆ ಈ ಕೆಲಸ ನನಗೆ ತುಂಬಾ ಇಷ್ಟ.

ವಿಕ್ಟರಿ 1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ. 104 ಫಿರಂಗಿ, ಮೂರು ಹಾಯಿಕಂಬ. ಅದರ ಫಿರಂಗಿ ಡೆಕ್‌ನ ಉದ್ದವೇ 186 ಅಡಿ. 1:48 ಅಳತೆಯಲ್ಲಿ, ಅಂದರೆ ನಿಜದ ಹಡಗಿನ 48ರಲ್ಲಿ ಒಂದು ಪಾಲಿನಷ್ಟು ಉದ್ದಕ್ಕೆ ಮಾಡಿದರೆ, ಒಡಲೊಂದೇ ಸುಮಾರು 118 ಸೆಂ.ಮೀ. ಆಗುತ್ತದೆ. ಮುಂದೆ ಚಾಚಿರುವ ಕಂಬ ಸೇರಿದರೆ ಇನ್ನೂ ಜಾಸ್ತಿ. ಆದರೆ ಬೇಡ ಎನ್ನುವುದಕ್ಕೆ ಗಾತ್ರ ಕಾರಣವಲ್ಲ. ಆ ಹಡಗಿನಲ್ಲಿ ಒಂದೇ ಕೆಲಸ ನೂರಾರು ಸಲ ಬರುತ್ತದೆ. ನೂರಕ್ಕೂ ಹೆಚ್ಚು ಫಿರಂಗಿ ಬಂಡಿಗಳು, ನೂರಾರು ರಾಟೆಗಳು, ಏಣಿಯಂತೆ ಕಟ್ಟುವ ಹಗ್ಗಗಳ ಸಾವಿರಾರು ಗಂಟುಗಳು. ಕೈ ಇನ್ನೂ ಪಳಗುತ್ತಿರುವಾಗ ಮೊದಲ ಫಿರಂಗಿಗೂ ಕೊನೆಯ ಫಿರಂಗಿಗೂ ಅಜಗಜಾಂತರ ಇರುತ್ತದೆ, ಅದು ಸಾಲಿನಲ್ಲಿ ಎದ್ದು ಕಾಣುತ್ತದೆ. ಒಂದೇ ಹಾಯಿಕಂಬದ ಸಣ್ಣ ಹಡಗು ತೆಗೆದುಕೊಳ್ಳಿ. 18ನೇ ಶತಮಾನದ ಕಟರ್ ಜಾತಿಯ ಹಡಗು ಬಹಳ ಒಳ್ಳೆಯ ಆಯ್ಕೆ. 70 ಅಡಿಯ ಒಡಲು 1:48ರಲ್ಲಿ ಸುಮಾರು 44 ಸೆಂ.ಮೀ. ಬರುತ್ತದೆ. ದೊಡ್ಡ ಹಡಗಿನಲ್ಲಿರುವ ಪ್ರತಿಯೊಂದು ಪಾಠವೂ ಅದರಲ್ಲಿ ಇರುತ್ತದೆ, ಪುನರಾವರ್ತನೆ ಮಾತ್ರ ಇರುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಮಾದರಿ ನಿಜದ ಹಡಗಿನಂತೆ ಕಾಣುವುದು ಅದರಲ್ಲಿ ಎಷ್ಟು ವಿವರ ತುಂಬಿದ್ದೀರಿ ಎನ್ನುವುದರಿಂದ ಅಲ್ಲ. ಯಾವ ಭಾಗವೂ ಅಳತೆ ಮೀರಿ ದಪ್ಪ ಆಗದೇ ಇರುವುದರಿಂದ. ಹೊಸಬರು ಬಿಟ್ಟುಹೋದ ವಿವರದ ಬಗ್ಗೆ ಚಿಂತೆ ಮಾಡುತ್ತಾರೆ. ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ದಪ್ಪ ಹಗ್ಗ, ದಪ್ಪ ಕಂಬಿ, ದಪ್ಪ ಬಣ್ಣ ಮಾತ್ರ ತಕ್ಷಣ ಕಾಣುತ್ತದೆ. ಇದು ಆಟಿಕೆ ಎಂದು ಕಣ್ಣು ಆಗಲೇ ತೀರ್ಮಾನ ಮಾಡಿಬಿಡುತ್ತದೆ.

ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟನ್ನಿನಲ್ಲಿ ಸೆರೆಯಾಗಿದ್ದ ಫ್ರೆಂಚರು ಊಟದ ಮಾಂಸದಲ್ಲಿ ಉಳಿದ ಮೂಳೆಯಿಂದ ಹಡಗುಗಳನ್ನು ಮಾಡುತ್ತಿದ್ದರು. ಅವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಕೈಚಳಕ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವರ ಬಳಿ ನಕ್ಷೆ ಇರಲಿಲ್ಲ, ಕಣ್ಣಂದಾಜಿನಲ್ಲಿ ಮಾಡಿದರು. ಹಾಗಾಗಿ ಹಲವು ಮಾದರಿಗಳಲ್ಲಿ ಪ್ರಮಾಣ ತಪ್ಪಿದೆ. ಅದೇ 17 ಮತ್ತು 18ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಮಾಡಿದ ನೇವಿ ಬೋರ್ಡ್ ಮಾದರಿಗಳನ್ನು ನೋಡಿ. ಎಷ್ಟೋ ಮಾದರಿಗಳಲ್ಲಿ ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಹಾಗೇ ಬಿಟ್ಟಿದ್ದಾರೆ. ಅವು ಹೆಚ್ಚಾಗಿ 1:48ರಲ್ಲಿವೆ, ಅಂದರೆ ಒಂದು ಅಡಿಗೆ ಕಾಲು ಇಂಚು. ಅವನ್ನು ಮಾಡಿದವರ ಬಳಿ ವಿದ್ಯುತ್ ಉಪಕರಣ ಒಂದೂ ಇರಲಿಲ್ಲ. ನಿಮ್ಮ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಅಳತೆ ಆರಿಸುವಾಗ ಮೇಜಿನ ಉದ್ದ ನೋಡಿದರೆ ಸಾಲದು. ಅತಿ ಸಣ್ಣ ಭಾಗವನ್ನು ಲೆಕ್ಕ ಹಾಕಿ. 170 ಸೆಂ.ಮೀ. ಎತ್ತರದ ಮನುಷ್ಯ 1:48ರಲ್ಲಿ ಮೂರೂವರೆ ಸೆಂ.ಮೀ., 1:96ರಲ್ಲಿ 18 ಮಿ.ಮೀ.ಗೂ ಕಡಿಮೆ, 1:350ರಲ್ಲಿ 5 ಮಿ.ಮೀ. ಆಗುತ್ತಾನೆ. ಉಕ್ಕಿನ ಹಡಗಿನ 30 ಮಿ.ಮೀ. ದಪ್ಪದ ಕಟಾಂಜನದ ಕಂಬಿ 1:350ರಲ್ಲಿ 0.09 ಮಿ.ಮೀ.ಗಿಂತ ಕಡಿಮೆ. ಅದು ತಲೆಗೂದಲಿನ ದಪ್ಪ. ಇದನ್ನು ನೀವು ಮಾಡಬಲ್ಲಿರಾ ಎಂದು ಮೊದಲೇ ಕೇಳಿಕೊಳ್ಳಿ. ಮಾಡಲು ಆಗದ ಭಾಗವನ್ನು ದಪ್ಪಗೆ ಮಾಡಬೇಡಿ, ಬಿಟ್ಟುಬಿಡಿ. ಕಟಾಂಜನವೇ ಇಲ್ಲದ ಹಡಗು ಸರಳ ಎನಿಸುತ್ತದೆ. ದಪ್ಪ ಕಟಾಂಜನದ ಹಡಗು ಸುಳ್ಳು ಎನಿಸುತ್ತದೆ. ಮೊದಲ ಮಾದರಿಗೆ 1:48 ಅಥವಾ 1:64 ಸಾಕು. ಸಣ್ಣ ಅಳತೆ ಅಂದರೆ ಸುಲಭದ ಕೆಲಸ ಎಂಬುದು ತಪ್ಪು ಕಲ್ಪನೆ.

ನಕ್ಷೆಗೆ ಬರೋಣ. ಹಡಗಿನ ಒಡಲನ್ನು ಮೂರು ನೋಟದಲ್ಲಿ ಬರೆದಿರುತ್ತಾರೆ. ಪಕ್ಕದಿಂದ ಒಂದು, ಮೇಲಿನಿಂದ ಅರ್ಧ ಅಗಲದ್ದು ಒಂದು, ಎದುರಿನಿಂದ ಅಡ್ಡ ಕೊಯ್ತಗಳದ್ದು ಒಂದು. ಯಾವುದೇ ಒಂದು ಬಿಂದು ಮೂರರಲ್ಲೂ ಒಂದೇ ಅಳತೆ ತೋರಿಸಬೇಕು. ಹಳೆಯ ನಕ್ಷೆಗಳ ಕಾಗದ ಕುಗ್ಗಿರುತ್ತದೆ, ಫೋಟೋಕಾಪಿಯಲ್ಲಿ ಇನ್ನಷ್ಟು ಸೊಟ್ಟಗಾಗುತ್ತದೆ. ಆದ್ದರಿಂದ ಮರ ಮುಟ್ಟುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ನೀವೇ ಮತ್ತೆ ಬರೆಯಿರಿ. ಬಳುಕುವ ತೆಳು ಪಟ್ಟಿಯನ್ನು ಬಿಂದುಗಳ ಮೇಲಿಟ್ಟು ಗೆರೆ ಎಳೆಯಿರಿ. ಪಟ್ಟಿ ಎಲ್ಲಿ ನಯವಾಗಿ ಬಾಗದೆ ಮುನಿಸಿಕೊಳ್ಳುತ್ತದೋ ಅಲ್ಲಿ ಅಳತೆ ತಪ್ಪಿದೆ ಎಂದರ್ಥ. ಲಂಡನ್ನಿನ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ಮೂಲ ನಕ್ಷೆಗಳ ದೊಡ್ಡ ಸಂಗ್ರಹ ಇದೆ. ಅಲ್ಲಿಂದ ಶುರು ಮಾಡಿ.

ಪೂರ್ತಿ ಹಡಗಿಗೆ ಕೈ ಹಾಕುವ ಮೊದಲು ಅದೇ ಹಡಗಿನ ಅರ್ಧ ಒಡಲು ಮಾಡಿ ಎಂಬುದು ನನ್ನ ಬಲವಾದ ಸಲಹೆ. ಹಿಂದೆ ಹಡಗು ಕಟ್ಟುವವರೇ ಹೀಗೆ ಮಾಡುತ್ತಿದ್ದರು. ನೀರಿನ ಮಟ್ಟದ ಗೆರೆಗಳ ಪ್ರಕಾರ ಹಲಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲಿನಂತೆ ಉಳಿದ ಮೂಲೆಗಳನ್ನು ಉಳಿಯಿಂದ ಕೆತ್ತಿ, ಸ್ಯಾಂಡ್ ಪೇಪರಿನಿಂದ ನುಣುಪು ಮಾಡುವುದು. ರಟ್ಟಿನಲ್ಲಿ ಅಡ್ಡ ಕೊಯ್ತಗಳ ಅಚ್ಚು ಕತ್ತರಿಸಿಟ್ಟುಕೊಂಡು ಆಗಾಗ ಹಿಡಿದು ನೋಡಬೇಕು. ನಕ್ಷೆಯ ಗೆರೆ ಹೇಗೆ ಉಬ್ಬಾಗುತ್ತದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಗೋಡೆಗೆ ಹಾಕಿದರೆ ಅದೇ ಒಂದು ಚೆಂದದ ವಸ್ತು.

ಪೂರ್ತಿ ಹಡಗಿಗೆ ಎರಡು ಮುಖ್ಯ ದಾರಿಗಳಿವೆ. ನಿಜದ ಹಡಗಿನಂತೆ ಒಂದೊಂದು ಪಕ್ಕೆಲುಬನ್ನೂ ಮಾಡಿ ನಿಲ್ಲಿಸುವುದು ಒಂದು. ಪ್ಲೈವುಡ್ಡಿನ ಅಡ್ಡ ತಟ್ಟೆಗಳನ್ನು ಹಡಗಿನುದ್ದಕ್ಕೂ ಸಾಗುವ ನಡುಪಟ್ಟಿಗೆ ಸಿಕ್ಕಿಸಿ ಮೇಲೆ ಹಲಗೆ ಹೊದಿಸುವುದು ಇನ್ನೊಂದು. ಮೊದಲ ಸಲಕ್ಕೆ ಎರಡನೆಯದು. ತಟ್ಟೆಗಳನ್ನು ಒತ್ತೊತ್ತಾಗಿ ಇಡಿ. ದೂರ ಇಟ್ಟರೆ ಹಲಗೆ ನಡುವೆ ಚಪ್ಪಟೆಯಾಗಿ ಕೂರುತ್ತದೆ.

ಹಲಗೆ ಹೊದಿಸುವುದು ಈ ಇಡೀ ಕಲೆಯ ಹೃದಯ. ಎಲ್ಲರೂ ಒದ್ದಾಡುವುದೂ ಇಲ್ಲೇ. ಒಂದೇ ಅಗಲದ ಪಟ್ಟಿಗಳನ್ನು ಸುಮ್ನೆ ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರೆ ಮುಂಭಾಗದಲ್ಲಿ ಅವು ಒಂದರ ಮೇಲೊಂದು ಏರುತ್ತವೆ. ಏಕೆಂದರೆ ಒಡಲಿನ ಸುತ್ತಳತೆ ಎಲ್ಲ ಕಡೆ ಒಂದೇ ಅಲ್ಲ. ನಡುವಿನ ತಟ್ಟೆಯ ಅಂಚಿಗೆ ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 120 ಮಿ.ಮೀ. ಬಂತು ಅಂದುಕೊಳ್ಳಿ. 5 ಮಿ.ಮೀ. ಹಲಗೆಯಾದರೆ 24 ಸಾಲು. ಮುಂದಿನ ತಟ್ಟೆಯಲ್ಲಿ ಅದೇ ಅಳತೆ 72 ಮಿ.ಮೀ. ಇದ್ದರೆ ಪ್ರತಿ ಹಲಗೆಯೂ ಅಲ್ಲಿ 3 ಮಿ.ಮೀ.ಗೆ ಕಿರಿದಾಗಬೇಕು. ಹೀಗೆ ಪ್ರತಿ ತಟ್ಟೆಯಲ್ಲೂ ಗುರುತು ಹಾಕಿ, ಹಲಗೆಯನ್ನು ಆ ಆಕಾರಕ್ಕೆ ಕೀಸಿ, ಆಮೇಲೆ ಅಂಟಿಸಬೇಕು. ಅರ್ಧಕ್ಕಿಂತ ಕಿರಿದಾಗುವ ಹಾಗಿದ್ದರೆ ಚೂಪು ಮಾಡಬೇಡಿ. ಎರಡು ಸಾಲು ಸೇರಿ ಒಂದಾಗುವಂತೆ ಜೋಡಿಸಿ, ನಿಜದ ಹಡಗಿನಲ್ಲೂ ಹಾಗೇ ಮಾಡುತ್ತಿದ್ದರು. ಹಿಂಭಾಗದಲ್ಲಿ ಉಲ್ಟಾ, ಅಲ್ಲಿ ಜಾಗ ಅಗಲವಾಗಿ ನಡುವೆ ಹೆಚ್ಚುವರಿ ತುಂಡು ಸೇರಿಸಬೇಕಾಗುತ್ತದೆ. ಎಡಕ್ಕೊಂದು ಹಲಗೆ ಹಾಕಿದರೆ ಬಲಕ್ಕೊಂದು ಹಾಕಿ. ಒಂದೇ ಕಡೆ ಮುಗಿಸಿದರೆ ಒಡಲು ತಿರುಚಿಕೊಳ್ಳುತ್ತದೆ.

ಬಗ್ಗಿಸಲು ನೀರು ಮತ್ತು ಬಿಸಿ ಸಾಕು. ನಿಜ ಹೇಳಬೇಕೆಂದರೆ ಮರವನ್ನು ಬಗ್ಗಿಸುವುದು ಬಿಸಿಯೇ. ನೀರು ಅದಕ್ಕೆ ಸಹಾಯ ಮಾಡುತ್ತದೆ ಅಷ್ಟೇ. ಒದ್ದೆ ಹಲಗೆಯನ್ನು ಅಂಟಿಸಬೇಡಿ, ಒಣಗಿದ ಮೇಲೆ ಕುಗ್ಗಿ ಸಂದು ಬಿಡುತ್ತದೆ.

ಮರದ ಆಯ್ಕೆಯಲ್ಲೂ ಅದೇ ದಪ್ಪದ ನಿಯಮ. ವಿಕ್ಟರಿಯನ್ನು ಓಕ್ ಮರದಲ್ಲಿ ಕಟ್ಟಿದರು, ಹಾಗಾಗಿ ಮಾದರಿಗೂ ಓಕ್ ಬಳಸಬೇಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಬೇಡ. ಓಕ್ ಮರದ ರಂಧ್ರಗಳು ಬರಿಗಣ್ಣಿಗೆ ಕಾಣುತ್ತವೆ. 1:48ರಲ್ಲಿ ಅಂಥ ಒಂದು ರಂಧ್ರ ಹಲಗೆಯ ಮೇಲಿನ ಗುಂಡಿಯಂತೆ ತೋರುತ್ತದೆ. ಎಳೆ ಕಾಣದಷ್ಟು ಒತ್ತಾಗಿರುವ ಮರ ಬೇಕು. ಬಾಕ್ಸ್‌ವುಡ್, ಪೇರ್, ಹಾಲಿ (holly) ಮರಗಳಿಗೆ ಈ ಕೆಲಸದಲ್ಲಿ ಹೆಸರಿದೆ. ಅವು ಸಿಗದಿದ್ದರೆ ಒತ್ತು ಎಳೆಯ, ತಿಳಿ ಬಣ್ಣದ ಯಾವ ಮರವಾದರೂ ಸರಿ.

ಡೆಕ್‌ನ ಹಲಗೆಗಳ ನಡುವೆ ಟಾರು ತುಂಬಿದ ಕಪ್ಪು ಗೆರೆ ಇರುತ್ತದಲ್ವಾ, ಅದಕ್ಕೆ ಹಲಗೆಯ ಅಂಚಿಗೆ ಪೆನ್ಸಿಲ್ ಉಜ್ಜಿ ಅಂಟಿಸಿದರೆ ಸಾಕು. ಮಾರ್ಕರ್ ಬೇಡ, ಮರದೊಳಗೆ ಹರಡುತ್ತದೆ.

ಹಗ್ಗದ ಬಗ್ಗೆ ಒಂದು ಮುಖ್ಯ ವಿಷಯ. ಹಳೆಯ ಇಂಗ್ಲಿಷ್ ಪಟ್ಟಿಗಳಲ್ಲಿ 10 ಇಂಚಿನ ಹಗ್ಗ ಎಂದರೆ ಅದು ಸುತ್ತಳತೆ, ದಪ್ಪ ಅಲ್ಲ. ಅದರ ದಪ್ಪ 3.2 ಇಂಚು, ಅಂದರೆ ಸುಮಾರು 81 ಮಿ.ಮೀ. 1:96ರಲ್ಲಿ ಅದು 0.84 ಮಿ.ಮೀ. ಇದು ತಿಳಿಯದೆ ಕಟ್ಟಿದರೆ ಎಲ್ಲ ಹಗ್ಗವೂ ಮೂರು ಪಟ್ಟು ದಪ್ಪ ಆಗುತ್ತದೆ. ಕಂಬಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಡು ಬಣ್ಣ. ಹಾಯಿ ಎಳೆಯುವ, ಇಳಿಸುವ ಹಗ್ಗಗಳು ತಿಳಿ ಕಂದು. ಅಂಗಡಿಯ ಹೊಲಿಗೆ ದಾರವನ್ನು ಹಾಗೇ ಬಳಸಿದರೆ ಹಗ್ಗದ ಹುರಿ ಕಾಣುವುದಿಲ್ಲ. ಮೂರು ದಾರಗಳನ್ನು ಬೇರೆ ಬೇರೆ ಕೊಕ್ಕೆಗೆ ಕಟ್ಟಿ, ಮೂರನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ಇನ್ನೊಂದು ತುದಿಯಲ್ಲಿ ಅವು ತಮ್ಮಷ್ಟಕ್ಕೆ ಎದುರು ದಿಕ್ಕಿಗೆ ಹೊಸೆದುಕೊಳ್ಳಲು ಬಿಡಿ. ಪುಟ್ಟ ಗೇರುಗಳಿಂದ ಇಂಥ ಸಾಧನವನ್ನು ನೀವೇ ಮಾಡಿಕೊಳ್ಳಬಹುದು. ನಿಜದ ಹಗ್ಗದ ನೋಟ ಬಂದಾಗ ಆಗುವ ಖುಷಿ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು.

ಉಪಕರಣಗಳು: ಸಣ್ಣ ಹಲ್ಲಿನ ಗರಗಸ, ಹರಿತವಾದ ಚಾಕು, ಒಂದೆರಡು ಉಳಿ, ಪುಟ್ಟ ಹತ್ತರಿ, ಅರಗಳು, ಕೈಯಲ್ಲಿ ತಿರುಗಿಸುವ ಡ್ರಿಲ್, ಚಿಮುಟಗಳು, ಸಾಕಷ್ಟು ಕ್ಲಿಪ್ಪುಗಳು, ಸಣ್ಣ ಅಳತೆಗಳನ್ನು ನಿಖರವಾಗಿ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್. ಕ್ಯಾಲಿಪರ್ ಮಾತ್ರ ಒಳ್ಳೆಯದೇ ಇರಲಿ. ಯಂತ್ರ ಕೊಳ್ಳಲೇಬೇಕು ಎನಿಸಿದರೆ ಪಟ್ಟಿ ಸೀಳುವ ಪುಟ್ಟ ಟೇಬಲ್ ಗರಗಸ ಒಂದೇ ಸಾಕು. ಅದೂ ಎರಡನೇ ಹಡಗಿಗೆ.

ಮಾದರಿ ಬಹುಕಾಲ ಉಳಿಯಬೇಕಲ್ವಾ, ಅದಕ್ಕೆ ವಸ್ತುಗಳ ಬಗ್ಗೆ ಈಗಲೇ ಯೋಚಿಸಿ. ಮರಕ್ಕೆ ಬಿಳಿ ಪಿವಿಎ ಅಂಟು ಬಳಸಿ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಅದು ಪೆಡಸು, ಪೆಟ್ಟು ತಗುಲಿದರೆ ಬಿಡುತ್ತದೆ. ಫಿರಂಗಿ, ಲಂಗರುಗಳಿಗೆ ಸೀಸ ಬೇಡ, ಹಿತ್ತಾಳೆ ಇರಲಿ. ಓಕ್, ಪ್ಲೈವುಡ್‌ನಂಥ ಮರಗಳಿಂದ ಬರುವ ಆಮ್ಲದ ಆವಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಸೇರಿಕೊಂಡು ಸೀಸವನ್ನು ಬಿಳಿ ಪುಡಿ ಮಾಡಿಬಿಡುತ್ತದೆ. ಹಳೆಯ ಮಾದರಿಗಳಲ್ಲಿ ಇದು ದೊಡ್ಡ ಸಮಸ್ಯೆ. ಗಾಜಿನ ಪೆಟ್ಟಿಗೆ ಮಾತ್ರ ಬೇಕೇ ಬೇಕು, ಹಗ್ಗಗಳ ಮೇಲೆ ಕೂತ ಧೂಳನ್ನು ತೆಗೆಯಲು ಹೋದರೆ ಹಗ್ಗಗಳೇ ಕೈಗೆ ಬರುತ್ತವೆ. ಪೆಟ್ಟಿಗೆಯಲ್ಲಿ ಗಾಳಿಯಾಡಲು ಸಣ್ಣ ಕಿಂಡಿ ಬಿಡಿ, ನೇರ ಬಿಸಿಲು ಬೀಳದ ಕಡೆ ಇಡಿ.

ಯಾವ ಹಡಗು ಆರಿಸಿದಿರಿ, ನಕ್ಷೆಯಲ್ಲಿ ಯಾವ ಗೆರೆ ಅರ್ಥವಾಗಲಿಲ್ಲ ಎಂದು ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.