ಫ್ರಿಸ್ಕೊದಲ್ಲಿ ಮನೆ ಹಿಡಿಯಬಹುದಾ? ತುಮಕೂರಿನಿಂದ ಹೊರಟವರಿಗೆ

ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರದ ಪ್ಲೇನೋ ಊರಿನ ಲೆಗಸಿ ಭಾಗದಲ್ಲಿ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳ ಜೊತೆ ತುಮಕೂರು ಬಿಡುತ್ತೀರಿ, ಎಲ್ಲರೂ ಪಕ್ಕದ ಊರು ಫ್ರಿಸ್ಕೊ, ಫ್ರಿಸ್ಕೊ ಅನ್ನುತ್ತಿದ್ದಾರೆ, ಅಲ್ಲೇ ಮನೆ ಹಿಡಿಯಬಹುದಾ ಅಣ್ಣ ಅಂತ ಕೇಳಿದ್ದೀರಿ. ಹಿಡಿಯಬಹುದು. ಆದರೆ ಊರಿನ ಹೆಸರು ನೋಡಿ ಹಿಡಿಯಬೇಡಿ, ವಿಳಾಸ ನೋಡಿ ಹಿಡಿಯಿರಿ. ಟೆಕ್ಸಸ್‌ನಲ್ಲಿ ಶಾಲೆ, ತೆರಿಗೆ, ಕರೆಂಟು, ಆಫೀಸಿನ ದಾರಿ ನಾಲ್ಕೂ ಮನೆ ನಂಬರಿಗೆ ಅಂಟಿಕೊಂಡಿರುತ್ತವೆ. ಒಂದೇ ಫ್ರಿಸ್ಕೊದ ಎರಡು ಬೀದಿಗಳಲ್ಲಿ ನಾಲ್ಕೂ ಬೇರೆ ಬೇರೆ ಆಗಬಹುದು.

ಮೊದಲು ದಾರಿ. ಕ್ಯಾತ್ಸಂದ್ರದಿಂದ ಶಿರಾ ಗೇಟಿಗೆ ಬಂದರೆ ತುಮಕೂರು ಹೆಚ್ಚುಕಡಿಮೆ ಮುಗಿಯಿತು. ಫ್ರಿಸ್ಕೊದ ದಕ್ಷಿಣದಂಚು 121ನೇ ಹೆದ್ದಾರಿ, ಉತ್ತರದಂಚು 380. ನಡುವೆ ಹತ್ತಿರ ಹತ್ತಿರ 14 ಕಿ.ಮೀ. ಲೆಗಸಿ ಇರುವುದು 121 ದಾಟಿದ ಕೂಡಲೇ. ಅಂದರೆ 121ರ ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಆಫೀಸು ಹತ್ತು ನಿಮಿಷ, 380ರ ಕಡೆಯವರಿಗೆ ಬೆಳಗಿನ ಹೊತ್ತು ಅದರ ಮೂರು ಪಟ್ಟಾದರೂ ಆಶ್ಚರ್ಯವಿಲ್ಲ. ಇಬ್ಬರೂ ‘ಫ್ರಿಸ್ಕೊದಲ್ಲಿದ್ದೀನಿ’ ಅಂತಲೇ ಹೇಳುತ್ತಾರೆ. ನೇರ ದಾರಿ ಡಲ್ಲಾಸ್ ನಾರ್ತ್ ಟೋಲ್‌ವೇ, ದುಡ್ಡಿನ ರಸ್ತೆ. ಕಾರು ಕೈಗೆ ಬಂದ ದಿನವೇ ಟೋಲ್‌ಟ್ಯಾಗ್ (ನಮ್ಮ ಫಾಸ್ಟ್‌ಟ್ಯಾಗ್ ತರಹದ್ದು) ಮಾಡಿಸಿ. ಇಲ್ಲದಿದ್ದರೆ ನಂಬರ್ ಪ್ಲೇಟಿನ ಫೋಟೊ ಹಿಡಿದು ಮನೆಗೆ ಬಿಲ್ ಕಳಿಸುತ್ತಾರೆ, ದರ ತುಂಬಾ ಹೆಚ್ಚು. ಪಕ್ಕದ ಪ್ರೆಸ್ಟನ್ ರೋಡ್ ಪುಕ್ಕಟೆ, ಆದರೆ ಸಿಗ್ನಲ್ಲುಗಳ ಸಾಲು. ಮ್ಯಾಪಿನಲ್ಲಿ ಭಾನುವಾರ ನೋಡಬೇಡಿ. ಮಂಗಳವಾರ ಬೆಳಗ್ಗೆ ಎಂಟೂವರೆಗೆ ತಲುಪಬೇಕು ಅಂತ ಹಾಕಿ ನೋಡಿ, ಸಂಜೆ ಐದೂವರೆಯ ವಾಪಸು ದಾರಿಯನ್ನೂ ನೋಡಿ.

ಡಲ್ಲಾಸ್ ಭಾಗದ ರೈಲು, ಬಸ್ಸು ನಡೆಸುವ ಡಾರ್ಟ್ ಸಂಸ್ಥೆಗೆ ಫ್ರಿಸ್ಕೊ ಸದಸ್ಯ ಊರಲ್ಲ. ಪ್ಲೇನೋ, ರಿಚರ್ಡ್‌ಸನ್, ಅರ್ವಿಂಗ್ ಸದಸ್ಯರು. ಹಾಗಾಗಿ ಫ್ರಿಸ್ಕೊ ಅಂದರೆ ಎರಡು ಕಾರು ಅಂತಲೇ ಲೆಕ್ಕ ಹಾಕಿ. ಒಂದೇ ಕಾರಿದ್ದರೆ ನೀವು ಆಫೀಸಿಗೆ ಹೋದ ಮೇಲೆ ನಿಮ್ಮ ಮನೆಯವರು ಸಂಜೆವರೆಗೆ ನಾಲ್ಕು ಗೋಡೆಯೊಳಗೆ. ಹೊಸಬರ ಸಂಸಾರದಲ್ಲಿ ಮೊದಲ ವರ್ಷದ ಬೇಸರಕ್ಕೆ ಮುಖ್ಯ ಕಾರಣ ಇದೇ, ಚಳಿಯೂ ಅಲ್ಲ ಊಟವೂ ಅಲ್ಲ. ಎಚ್4 ವೀಸಾದವರಿಗೂ, ಅಂದರೆ ಕೆಲಸದ ವೀಸಾದವರ ಜೊತೆ ಬರುವ ಹೆಂಡತಿ ಅಥವಾ ಗಂಡನಿಗೂ, ಲೈಸೆನ್ಸ್ ಕೊಡುತ್ತಾರೆ. ಟೆಕ್ಸಸ್‌ಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಲೈಸೆನ್ಸ್ ಮಾಡಿಸಲು 90 ದಿನ ಅವಕಾಶ. ಬರಹದ ಪರೀಕ್ಷೆ 30 ಪ್ರಶ್ನೆ, 21 ಸರಿಯಾದರೆ ಪಾಸು. ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ದಿನ ಸಿಗುವುದೇ ತಡ, ಬಂದ ವಾರವೇ ಬುಕ್ ಮಾಡಿ.

ಶಾಲೆ ವಿಷಯದಲ್ಲಿ ನಿಮಗೆ ಅವಸರವಿಲ್ಲ. ಸೆಪ್ಟೆಂಬರ್ 1ಕ್ಕೆ ಐದು ವರ್ಷ ತುಂಬಿದ್ದರೆ ಮಾತ್ರ ಕಿಂಡರ್‌ಗಾರ್ಟನ್. ಮಗಳಿಗೆ ನವೆಂಬರ್‌ನಲ್ಲಿ ಐದು ಅಂದಿದ್ದೀರಿ, ಅಂದರೆ ಮುಂದಿನ ವರ್ಷದ ಆಗಸ್ಟಿಗೆ. ಅಲ್ಲಿಯವರೆಗೆ ಡೇಕೇರ್‌ಗೆ ದುಡ್ಡು ಸುರಿಯುವ ಮೊದಲು ಒಂದು ವಿಚಾರಿಸಿ: ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ, ಇಂಗ್ಲಿಷ್ ಬಾರದ ಮಗುವಿಗೆ ಟೆಕ್ಸಸ್ ಸರ್ಕಾರಿ ಶಾಲೆಯ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ) ಉಚಿತ. ಭಾಷೆ ಎಷ್ಟು ಬರುತ್ತದೆ ಅಂತ ಶಾಲೆಯವರೇ ಪರೀಕ್ಷೆ ಮಾಡುತ್ತಾರೆ. ಆದ್ದರಿಂದ ಹೊರಡುವ ಮುಂಚೆ ‘ಇಂಗ್ಲಿಷ್ ಕಲಿಸಿಬಿಡೋಣ’ ಅಂತ ಒದ್ದಾಡಬೇಡಿ. ಮನೆಯಲ್ಲಿ ಕನ್ನಡವೇ ಇರಲಿ. ಲಸಿಕೆ ಕಾರ್ಡು ಮಾತ್ರ ಪಕ್ಕಾ ಇರಬೇಕು, ಹೆಪಟೈಟಿಸ್ ಎ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳನ್ನು ಇಲ್ಲಿ ಕಡ್ಡಾಯವಾಗಿ ಕೇಳುತ್ತಾರೆ. ಅವನ್ನು ತುಮಕೂರಿನಲ್ಲೇ ಹಾಕಿಸಿ, ತಾರೀಖು ಸಮೇತ ಡಾಕ್ಟರ ಸಹಿ, ಸೀಲು ತನ್ನಿ.

ಇನ್ನೊಂದು: ಫ್ರಿಸ್ಕೊದಲ್ಲಿರುವ ಮನೆಯೆಲ್ಲ ಫ್ರಿಸ್ಕೊ ಶಾಲಾ ಜಿಲ್ಲೆಗೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ) ಸೇರಿಲ್ಲ. ಕೆಲವು ಬಡಾವಣೆ ಪ್ರಾಸ್ಪರ್‌ಗೆ, ಕೆಲವು ಲೂಯಿಸ್‌ವಿಲ್‌ಗೆ, ಲಿಟಲ್ ಎಲ್ಮ್‌ಗೆ ಹೋಗುತ್ತವೆ. ಬಾಡಿಗೆ ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರನ್ನು ನಂಬದೆ ಆಯಾ ಜಿಲ್ಲೆಯ ಜಾಲತಾಣದಲ್ಲಿ ವಿಳಾಸ ಹಾಕಿಯೇ ನೋಡಿ.

ಬಾಡಿಗೆಗೆ ಬರುವಾಗ: ಸಾಮಾನ್ಯವಾಗಿ ತಿಂಗಳ ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು ಅನ್ನುತ್ತಾರೆ. ಕ್ರೆಡಿಟ್ ಇತಿಹಾಸ ಇಲ್ಲದ ಹೊಸಬರಿಗೆ ಆಫರ್ ಲೆಟರ್ ಜೊತೆ ಹೆಚ್ಚಿನ ಡಿಪಾಸಿಟ್. ‘ಎರಡು ತಿಂಗಳು ಫ್ರೀ’ ಅಂದಾಗ ಆ ರಿಯಾಯಿತಿಯನ್ನು ಹನ್ನೆರಡಕ್ಕೆ ಹಂಚಿ ತೋರಿಸಿದ ಬಾಡಿಗೆಯಾ, ಕರಾರಿನಲ್ಲಿರುವ ಬಾಡಿಗೆಯಾ ಅಂತ ಕೇಳಿ. ಮುಂದಿನ ವರ್ಷ ಏರಿಸುವುದು ಕರಾರಿನ ಅಂಕಿಯ ಮೇಲೆ. ನೀರು, ಕಸ, ಹುಳುಮದ್ದು, ಪಾರ್ಕಿಂಗ್ ಎಲ್ಲಾ ಬೇರೆ. ಬಿಡುವಾಗ ಅನೇಕ ಕಡೆ 60 ದಿನ ಮೊದಲೇ ಬರೆದು ಕೊಡಬೇಕು. ಮರೆತರೆ ತಿಂಗಳ ಬಾಡಿಗೆ ದಂಡ.

ಕರೆಂಟು ವಿಚಿತ್ರ ವ್ಯವಹಾರ. ಊರಿನ ಒಂದು ಭಾಗದಲ್ಲಿ ಕೋಸರ್ವ್ ಎಂಬ ಸಹಕಾರ ಸಂಘದ ಕರೆಂಟು, ಅಲ್ಲಿ ಆಯ್ಕೆಯೇ ಇಲ್ಲ. ಆನ್‌ಕಾರ್ (Oncor) ಕಂಪನಿಯ ತಂತಿ ಇರುವ ಕಡೆ ಕರೆಂಟು ಮಾರುವವರನ್ನು ನೀವೇ ಆರಿಸಿಕೊಳ್ಳಬೇಕು. ತೀರಾ ಅಗ್ಗದ ಪ್ಲಾನು ಕಂಡರೆ ಅನುಮಾನಿಸಿ: ತಿಂಗಳಿಗೆ 1000 ಯೂನಿಟ್ ದಾಟಿದರಷ್ಟೇ ರಿಯಾಯಿತಿ ಎಂಬ ಷರತ್ತು ಇರುತ್ತದೆ, 950 ಸುಟ್ಟರೆ ಬಿಲ್ ಜಾಸ್ತಿ ಬರುತ್ತದೆ. ಕರಾರಿನ ಅವಧಿ ಮುಗಿದ ತಿಂಗಳು ದರ ಸದ್ದಿಲ್ಲದೆ ಏರುತ್ತದೆ.

ಬಂದ ವರ್ಷವೇ ಮನೆ ಕೊಳ್ಳುವ ಮಾತು ಬೇಡ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಡುವವರಿಗೆ ಆಸ್ತಿ ತೆರಿಗೆ ಕಾಯುತ್ತಿರುತ್ತದೆ. ಹೊಸ ಮನೆಯಲ್ಲಂತೂ ಒಂದು ಬಲೆ ಇದೆ. ತೆರಿಗೆಗೆ ಬೆಲೆ ಕಟ್ಟುವುದು ಜನವರಿ 1ರ ಸ್ಥಿತಿ ನೋಡಿ. ಅಂದು ಖಾಲಿ ಸೈಟಾಗಿದ್ದರೆ ಮೊದಲ ವರ್ಷ ಸೈಟಿಗಷ್ಟೇ ತೆರಿಗೆ. ಉದಾಹರಣೆಗೆ ಆರು ಲಕ್ಷ ಡಾಲರಿನ ಮನೆ, ಸೈಟು ಒಂದೂವರೆ ಲಕ್ಷ, ದರ ನೂರಕ್ಕೆ 1.7 ಅಂದುಕೊಳ್ಳಿ: ಮೊದಲ ವರ್ಷ 2,550 ಡಾಲರ್, ಮರುವರ್ಷ ವಿನಾಯಿತಿ ಕಳೆಯುವ ಮುಂಚೆ 10,200. ಸಾಮಾನ್ಯವಾಗಿ ಸಾಲ ಕೊಟ್ಟ ಬ್ಯಾಂಕೇ ಕಂತಿನ ಜೊತೆ ತೆರಿಗೆ ದುಡ್ಡನ್ನೂ ಹಿಡಿದು ಕಟ್ಟುತ್ತದೆ; ಅದು ಆ ಹೆಚ್ಚಳವನ್ನೂ ಹಿಂದಿನ ಕೊರತೆಯನ್ನೂ ಸೇರಿಸಿ ತಿಂಗಳ ಕಂತಿಗೆ ಹಾಕಿದಾಗ ಎಷ್ಟೋ ಸಂಸಾರಗಳ ಲೆಕ್ಕ ತಲೆಕೆಳಗಾಗುತ್ತದೆ. ಲಿಟಲ್ ಎಲ್ಮ್, ಆಬ್ರಿ ಕಡೆ ಅಗ್ಗ ಅಂತ ತೋರಿಸುವ ಮನೆಗಳಿಗೆ ಮಡ್, ಪಿಡ್ ಎಂಬ ಮೇಲ್ತೆರಿಗೆ ಇರುವುದುಂಟು. ನೀರು, ಚರಂಡಿ, ರಸ್ತೆ ಹಾಕಿದ ಸಾಲವನ್ನು ಮನೆಯವರಿಂದ ವಸೂಲು ಮಾಡುವ ದಾರಿ ಅದು. ಇನ್ನು ಮಣ್ಣು ನಮ್ಮ ಎರೆಮಣ್ಣಿನ ಜಾತಿಯದು, ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬಿ ಪಾಯ ಅಲುಗಾಡಿಸುತ್ತದೆ. ಅದಕ್ಕೇ ಇಲ್ಲಿ ಗಿಡಕ್ಕಲ್ಲ, ಪಾಯಕ್ಕೆ ನೀರು ಬಿಡುತ್ತಾರೆ. ಹಳೆ ಮನೆ ನೋಡುವಾಗ ಬಾಗಿಲ ಮೂಲೆಯ ಬಿರುಕು, ಆಲಿಕಲ್ಲಿಗೆ ಸಿಕ್ಕ ಚಾವಣಿಯ ವಯಸ್ಸು, ಎರಡೂ ಕೇಳಿ.

ಅಪ್ಪ ಅಮ್ಮನ ಬಗ್ಗೆ ಕೇಳಿದಿರಿ. ಜುಲೈ, ಆಗಸ್ಟ್ ಬಿಟ್ಟು ಕರೆಸಿ, ಆಗ 38 ಡಿಗ್ರಿ ದಾಟುವ ದಿನಗಳು ಮಾಮೂಲು. ಫ್ರಿಸ್ಕೊದಲ್ಲಿ ಕಾರ್ಯಸಿದ್ಧಿ ಹನುಮಂತನ ದೇವಸ್ಥಾನವಿದೆ, ಡಲ್ಲಾಸ್ ಸುತ್ತಿನವರಿಗೆ ಮಲ್ಲಿಗೆ ಕನ್ನಡ ಸಂಘ ಇದೆ. ರಾಗಿ ಹಿಟ್ಟು ಸಲೀಸಾಗಿ ಸಿಗುತ್ತದೆ, ಹೊತ್ತು ತರಬೇಡಿ. ಅವರೆಕಾಳು ಬೇಕಾದರೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಗುಜರಾತಿಗಳ ಸುರ್ತಿ ಪಾಪ್ಡಿ ಲಿಲ್ವಾ ಪೊಟ್ಟಣ ತೆಗೆಯಿರಿ. ಸೊಗಡು ಕಡಿಮೆ, ಸಾರಿಗೆ ಸಾಕು.

ಈ ಎಲ್ಲಾ ಲೆಕ್ಕದಲ್ಲಿ ಮೊದಲ ವರ್ಷಕ್ಕೆ ನನ್ನ ಮತ 121ರ ಆಸುಪಾಸಿಗೆ, ಪ್ಲೇನೋ ಕಡೆಯದಾದರೂ ಸರಿ. ಆಫೀಸಿಗೆ ವಾರಕ್ಕೆ ಎಷ್ಟು ದಿನ ಹೋಗಬೇಕು ಅಂತ ನೀವು ಬರೆದಿಲ್ಲ. ಎರಡೇ ದಿನವಾದರೆ 380ರ ಕಡೆಯನ್ನೂ ನೋಡಬಹುದು, ಐದು ದಿನವಾದರೆ ಬೇಡ.