ಶಟಲ್ ಹೊರಡೋವಾಗ ಇಂಜಿನ್ ಉರಿಸ್ತಿರಲಿಲ್ವಾ?

ಬಾಹ್ಯಾಕಾಶದಲ್ಲಿರೋ ಸ್ಪೇಸ್ ಸ್ಟೇಷನ್ನಿಂದ ಕಳಚ್ಕೊಳ್ಳೋವಾಗ ನಾಸಾದ ಗಗನನೌಕೆ ಶಟಲ್ ಇಂಜಿನ್ ಉರಿಸ್ತಿರಲಿಲ್ಲ ಅಂದ್ರೆ ದೂರ ಹೋಗ್ತಿದ್ದಿದ್ದಾದ್ರೂ ಹೇಗೆ ಅಂತ ಕೇಳಿದ್ರಲ್ಲ, ಸ್ಪ್ರಿಂಗು ಸರ್, ಬರೀ ಸ್ಪ್ರಿಂಗು! ಎರಡನ್ನೂ ಜೋಡಿಸೋ ಡಾಕಿಂಗ್ ರಿಂಗಲ್ಲಿ 12 ಕೊಕ್ಕೆಗಳು ಬಿಗಿಯಾಗಿ ಹಿಡ್ಕೊಂಡಿರ್ತಿದ್ವು, ಮೋಟಾರು ಅವನ್ನ ನಿಧಾನಕ್ಕೆ ಬಿಚ್ತಿತ್ತು, ಒತ್ತಿಟ್ಟಿದ್ದ ಸ್ಪ್ರಿಂಗುಗಳು ಮೆಲ್ಲಗೆ ನೂಕ್ತಿದ್ವು ಅಷ್ಟೆ. ಆ ಹೊತ್ತಲ್ಲಿ ಶಟಲ್ಲಿನ ಸಣ್ಣ ಜೆಟ್‌ಗಳು ಆಫ್ ಇರ್ತಿದ್ವು, ಯಾಕಂದ್ರೆ ಅಷ್ಟು ಹತ್ರದಲ್ಲಿ ಉರಿಸಿದ್ರೆ ಹೊಗೆ ನೇರವಾಗಿ ಸ್ಟೇಷನ್ ಮೇಲೇ ಹೊಡೀತಿತ್ತು, ಸೋಲಾರ್ ಪ್ಯಾನೆಲ್ ಬೇರೆ ತುಂಬಾ ನಾಜೂಕು. ಸುಮಾರು ಎರಡಡಿ ಗ್ಯಾಪ್ ಆದ್ಮೇಲೇ ಜೆಟ್ ಆನ್ ಮಾಡ್ತಿದ್ದಿದ್ದು.

ಇಬ್ರೂ ಗಂಟೆಗೆ 28,000 ಕಿಲೋಮೀಟರ್ ಓಡ್ತಿದ್ರು, ಆದ್ರೆ ಒಬ್ರಿಂದ ಒಬ್ರು ದೂರ ಆಗ್ತಿದ್ದಿದ್ದು ಮಾತ್ರ ಆಮೆ ನಡಿಗೇಲಿ, ನಂಗೆ ಇದೇ ಎಷ್ಟು ನೋಡಿದ್ರೂ ಸಾಕಾಗಲ್ಲ.

2011ರ ಜುಲೈ 19ರಂದು ಅಟ್ಲಾಂಟಿಸ್ ಹೊರಟಿದ್ದನ್ನ ಹುಡುಕಿ ನೋಡಿ, ಅದೇ ಕೊನೇ ಶಟಲ್. ಸ್ಟೇಷನ್ ಒಳಗೆ ಹಡಗಿನ ಸಂಪ್ರದಾಯದ ಹಾಗೆ ಗಂಟೆ ಬಾರಿಸಿ ಬೀಳ್ಕೊಟ್ರು. ಆಮೇಲೆ ಸ್ಟೇಷನ್ನೇ 90 ಡಿಗ್ರಿ ತಿರುಗಿ ನಿಂತ್ಕೊಳ್ತು, ಪೈಲಟ್ ಡಗ್ ಹರ್ಲಿ ಶಟಲ್ಲನ್ನ ಅರ್ಧ ಸುತ್ತು ಹಾಕ್ಸಿದ್ರು, ಹಿಂದಿನ ಶಟಲ್‌ಗಳಿಗೆ ಕಾಣದ ಬದಿಗಳ ಫೋಟೋ ತೆಗೆಯೋಕೆ. ಎರಡು ದಿನ ಬಿಟ್ಟು, 21ಕ್ಕೆ, ಫ್ಲೋರಿಡಾದಲ್ಲಿ ಕತ್ತಲಿರೋವಾಗ್ಲೇ ಇಳೀತು.