ಡಿಲೀಟ್ ಮಾಡಿದರೂ ಇಳಿಯದ ರೆಪೊ

ಪ್ರಶ್ನೆ: ನಾವು ಐವರು ಗೆಳೆಯರು ಸೇರಿ ಮಕ್ಕಳಿಗೆ ಕನ್ನಡ ಕಲಿಸುವ ಆ್ಯಪ್ ಸಿದ್ಧಪಡಿಸುತ್ತಿದ್ದೇವೆ. ಕಡತಗಳ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನ ರೆಪೊದಲ್ಲಿ (ಕಡತಗಳ ಭಂಡಾರ) ಇದ್ದ ಹಳೆಯ ಎಂಪಿ3 ಧ್ವನಿಮುದ್ರಣಗಳನ್ನೆಲ್ಲ ಡಿಲೀಟ್ ಮಾಡಿ ಕಮಿಟ್ ಮಾಡಿದೆ, ಅಂದರೆ ಆ ಬದಲಾವಣೆಯನ್ನು ದಾಖಲಿಸಿದೆ. ಗಾತ್ರ ಅಳೆಯುವ ‘ಡಿಯು’ ಆದೇಶದ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಬರೆದ ನನ್ನ ಶೆಲ್ ಸ್ಕ್ರಿಪ್ಟ್ (ಆದೇಶಗಳ ಕಡತ) 60 ಎಂಬಿ ತೋರಿಸುತ್ತದೆ. ರೆಪೊದ ಪ್ರತಿ ಇಳಿಸಿಕೊಳ್ಳಲು ಕ್ಲೋನ್ ಮಾಡಿದರೆ ಮಾತ್ರ 2 ಜಿಬಿ ಇಳಿಯುತ್ತದೆ. ಸ್ಕ್ರಿಪ್ಟ್ ಸುಳ್ಳು ಹೇಳುತ್ತಿದೆಯೇ?
– ಓದುಗ, ಬಸವನಗುಡಿ, ಬೆಂಗಳೂರು

ಉತ್ತರ: ಪಾಪ, ಅದು ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದೆ. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಶೆಲ್ ನಕ್ಷತ್ರದ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಇತಿಹಾಸವೆಲ್ಲ ಕುಳಿತಿರುವುದು ‘ಡಾಟ್ ಗಿಟ್’ ಫೋಲ್ಡರಿನಲ್ಲಿ, ಅದೇ ಬಿಟ್ಟುಹೋಗಿದೆ. ಡಿಲೀಟ್ ಮಾಡಿದ್ದೂ ಇತಿಹಾಸಕ್ಕೆ ಇನ್ನೊಂದು ಕಮಿಟ್ ಅಷ್ಟೇ. ಹಾಲ್ ಗುಡಿಸಿ ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸಿದ್ದೀರಿ.

ಮೊದಲು ‘ಗಿಟ್ ಕೌಂಟ್-ಆಬ್ಜೆಕ್ಟ್ಸ್’ ಆದೇಶವನ್ನು ಸಣ್ಣ ವಿ, ದೊಡ್ಡ ಎಚ್ ಆಯ್ಕೆಗಳೊಂದಿಗೆ ಕೊಡಿ. ‘ಸೈಜ್-ಪ್ಯಾಕ್’ ಎಂಬ ಸಾಲಿನಲ್ಲಿ ನಿಮ್ಮ 2 ಜಿಬಿ ಸಿಗುತ್ತದೆ. ಯಾವ ಕಡತದ್ದು ಎಂದು ತಿಳಿಯಲು ಸ್ಕ್ರಿಪ್ಟಿಗೆ ಒಂದು ಆದೇಶದ ಫಲಿತಾಂಶವನ್ನು ಮುಂದಿನದಕ್ಕೆ ದಾಟಿಸುವ ಪೈಪ್ ಸಾಲು ಬೇಕು: ‘ರೆವ್-ಲಿಸ್ಟ್ ಆಬ್ಜೆಕ್ಟ್ಸ್ ಆಲ್’ ಎಲ್ಲ ಕಮಿಟ್‌ಗಳ ವಸ್ತುಗಳನ್ನೂ ಹೆಸರು ಸಹಿತ ಉಗುಳುತ್ತದೆ, ಅದನ್ನು ‘ಕ್ಯಾಟ್-ಫೈಲ್ ಬ್ಯಾಚ್-ಚೆಕ್’ಗೆ ಕೊಟ್ಟು ಬ್ಲಾಬ್‌ಗಳನ್ನು (ಕಡತಗಳ ಹೂರಣ) ಮಾತ್ರ ಉಳಿಸಿಕೊಂಡು ಗಾತ್ರದ ಪ್ರಕಾರ ‘ಸಾರ್ಟ್’ ಮಾಡಿ, ಕೊನೆಯ 20 ಸಾಲು ನೋಡಿ. ಗಾತ್ರ ಕೇಳುವಾಗ ‘ಆಬ್ಜೆಕ್ಟ್‌ಸೈಜ್’ ಬದಲು ‘ಆಬ್ಜೆಕ್ಟ್‌ಸೈಜ್: ಡಿಸ್ಕ್’ ಎಂದೇ ಕೇಳಬೇಕು. ಮೊದಲನೆಯದು ಕಡತದ ಮೂಲ ಗಾತ್ರ, ಎರಡನೆಯದು ಡಿಸ್ಕಿನಲ್ಲಿ ಕುಗ್ಗಿ ಕುಳಿತ ಗಾತ್ರ. ಪಠ್ಯದ ಕಡತವಾದರೆ ಇವೆರಡರ ನಡುವೆ ಅಜಗಜಾಂತರ, ಏಕೆಂದರೆ ಗಿಟ್ ಹೋಲುವ ಆವೃತ್ತಿಗಳ ವ್ಯತ್ಯಾಸವನ್ನಷ್ಟೇ ಇಟ್ಟುಕೊಂಡು ಸಾಗಿಸುತ್ತದೆ. ಎಂಪಿ3 ಮೊದಲೇ ಹಿಂಡಿದ ಕಬ್ಬು, ಅದರಿಂದ ಇನ್ನೇನೂ ಇಳಿಯುವುದಿಲ್ಲ. ‘ಅ ಆ ಇ ಈ’ ಪಾಠವನ್ನು ಹತ್ತು ಸಲ ಮತ್ತೆ ಧ್ವನಿಮುದ್ರಿಸಿ ಕಮಿಟ್ ಮಾಡಿದ್ದರೆ ಹೆಚ್ಚುಕಡಿಮೆ ಹತ್ತು ಪೂರ್ತಿ ಪ್ರತಿಗಳೇ ಕೂತಿರುತ್ತವೆ.

ಹೊಸಬರು ತುರ್ತಾಗಿ ಕೆಲಸ ಶುರುಮಾಡಬೇಕಿದ್ದರೆ ಕೊನೆಯ ಕಮಿಟ್ ಮಾತ್ರ ತರುವ ‘ಡೆಪ್ತ್ 1’ ಹಾಕಿ ಕ್ಲೋನ್ ಮಾಡಿಕೊಳ್ಳಲಿ. ಶಾಶ್ವತವಾಗಿ ತೆಗೆಯಲು ‘ಗಿಟ್ ಫಿಲ್ಟರ್-ರೆಪೊ’ ಇದೆ. ಅದು ಇತಿಹಾಸವನ್ನೇ ತಿದ್ದಿ ಬರೆಯುವುದರಿಂದ ಕಮಿಟ್‌ಗಳ ಗುರುತುಗಳೆಲ್ಲ ಬದಲಾಗುತ್ತವೆ. ಹಾಗಾಗಿ ಬೇರೆಡೆ ಒಂದು ಪೂರ್ತಿ ಪ್ರತಿ ಇಟ್ಟುಕೊಂಡು, ಐವರೂ ಬಾಕಿ ಕೆಲಸವನ್ನು ರೆಪೊಗೆ ಪುಷ್ ಮಾಡಿದ (ಕಳಿಸಿದ) ಮೇಲೆಯೇ ಕೈಹಾಕಿ. ಆಮೇಲೆ ಎಲ್ಲರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು. ಒಬ್ಬರು ಹಳೆಯ ಪ್ರತಿಯಿಂದ ಪುಷ್ ಮಾಡಿದರೂ ಆ ಎಂಪಿ3ಗಳೆಲ್ಲ ರೆಪೊಗೆ ವಾಪಸಾಗುತ್ತವೆ.